ನಗಿ ಒತ್ತಾಂವ

ಆಯ್ತವಾರ ರಾತ್ರಿ ಒಂಬತ್ತಕ್ಕ
ಬೆಟಗೇರಿ ಅರ್ಧ ಊರು ಒಬ್ಬಾಕಿ ದನೀಲೆ ನಗತಿತ್ತು.
ಆ ದನಿ ಒತ್ತಾಂವ ನಾನು.

ಫಕೀರೇಶ ಮಾಮಾನ ಕೇಬಲ್ ಆಫೀಸಿನ ಮ್ಯಾಲ
ನೂಲಿನ ಲಡಿ ಇಡೂ ಅಟ್ಟ. ಅದ ಸ್ಟುಡಿಯೋ.
ನವಿಲಿನ ಚಾದರ ಒಂದ,
ಗೂಟಕ್ಕ ಕಟ್ಟಿದರ ಅರಮನಿ,
ತಿರುವಿ ಕಟ್ಟಿದರ ದವಾಖಾನಿ,
ಥಂಡಿ ಬಿದ್ದರ ಅದನ್ನ ಹೊದ್ದು ಮಲಗತಿದ್ವಿ.
ಕಾರ್ಯಕ್ರಮದ ಹೆಸರು 'ನಕ್ಕು ಮಲಕೋರಿ'.
ಪ್ರಾಯೋಜಕರು ಹಲ್ಲಿನ ಪುಡಿಯವರು.
ಅಕ್ಷರ ತಪ್ಪಿ ಮೂರು ವರ್ಷ 'ಹುಲ್ಲಿನ ಪುಡಿ' ಅಂತನ ಬಂತು.
ರೊಕ್ಕ ಕೊಟ್ಟಾಂವಗ ಓದಾಕ ಬರತಿದ್ದಿಲ್ಲ,
ಓದಾಕ ಬಂದಾವರು ಹೇಳಲಿಲ್ಲ.

ಮಗ್ಗದ ಅಂದಾನೆಪ್ಪಂದು ಯಾವಾಗಲೂ ಹೆಂಡತಿ ಪಾರ್ಟು.
'ಅಪ್ಪ ಇನ್ನೂ ಅದಾನ, ಮೀಸಿ ಹ್ಯಾಂಗ ತಗೀಲಿ' ಅಂತ
ಸೆರಗು ಮೂಗಿನ ತನಕ ಎಳಕೊಂಡು ಗಂಡನ್ನ ಬೈತಿದ್ದ.
ಗಂಡ ಅಂದರ ಟೇಲರ್ ಇಮಾಮಸಾಬ.
ಸೀರಿ ಅವನ ಅಂಗಡಿಗೆ ಫಾಲ್ ಹಚ್ಚಾಕ ಬಂದದ್ದು,
ಮುಂಜಾನೆ ಇಸ್ತ್ರಿ ಮಾಡಿ ವಾಪಸ್.
ಒಮ್ಮೆ ಒಬ್ಬಾಕಿ ಮನ್ಯಾಗ ಕುಂತು ಗುರುತು ಹಿಡದು
ಫೋನು ಹಚ್ಚಿದಳು.
'ಬಹುಮಾನದ ಪ್ರಶ್ನೆಗೆ ಉತ್ತರ ಹೇಳ್ರಿ ಅಕ್ಕಾರ.'
'ನನ್ನ ಸೀರಿ!'
ಉತ್ತರ ಸರಿ ಐತಿ ಅಂತ ಒಂದು ಸ್ಟೀಲ್ ಸೌಟು ಕೊಟ್ವಿ.

ಜೋಕು ಮುಗದ ಕೂಡಲೆ ಟೇಪಿನ ಗುಂಡಿ ಒತ್ತೂದು ನನ್ನ ಕೆಲಸ.
ಕ್ಯಾಸೆಟ್ಟಿನ್ಯಾಗ ಶಿವಗಂಗವ್ವ ನಗತಿದ್ದಳು,
ಓಣಿ ತುದಿಗೆ ಮಂಡಾಳ ಮಿರ್ಚಿ ಮಾಡಾಕಿ.
ಟೇಪು ರಿಪೇರಿ ಆತೇನು ನೋಡಾಕ ಹೋದ ಮಾಮಾ
ಜಾರಿ ಅವಳ ಹಿಟ್ಟಿನ ಬೋಗಾಣ್ಯಾಗ ಕುಂತಾಗಿನ ನಗಿ ಅದು.
ಪಾರಿವಾಳದ ಹಿಂಡು ಒಮ್ಮೆಲೆ ಎದ್ದಾಂಗ,
ಕಡೀಕ ಒಂದು ಕೆಮ್ಮು,
ಆಮ್ಯಾಲ 'ಅಯ್ ಶಿವನ'.
ಕೆಮ್ಮು ಕತ್ತರಸಾಕ ನಮಗ ಬರಲಿಲ್ಲ.
ಹಿಂಗಾಗಿ ಊರಾಗ ಹುಡುಗರು ನಕ್ಕರೂ
ಕೆಮ್ಮಿನ ಮುಗಸತಿದ್ದರು.

ಒಂದ ರಾತ್ರಿ ಕಣ್ಣು ಹತ್ತಿತ್ತು ನನಗ.
ನಗರಸಭೆ ಪ್ರಕಟಣೆ ಓದಾಕ ಹತ್ತಿದ್ದರು:
'ನೀರು ಹನ್ನೆರಡು ದಿನಕ್ಕೊಮ್ಮೆ,
ನಾಗರಿಕರು ಸಹಕರಿಸಬೇಕು.'
ಮೊಳಕೈ ತಾಗಿತು.
ನಕ್ಕಳು ಶಿವಗಂಗವ್ವ. ಕೆಮ್ಮಿದಳು. ಅಯ್ ಶಿವನ.
ಮರುದಿನ ನಳದ ಮುಂದ ಖಾಲಿ ಕೊಡ ಹಿಡದಾವರು
ನನ್ನ ಬೆನ್ನು ಚಪ್ಪರಿಸಿದರು.
ಅಷ್ಟು ಛಲೋ ಜೋಕು ನಾವು ಬರದದ್ದ ಇಲ್ಲ.

ಮೂರನೆ ವರ್ಷ, ನೇರ ಪ್ರಸಾರದ ನಡುವ,
ಹಿಟ್ಟಿನ ಕೈಲೆ ಅಟ್ಟ ಹತ್ತಿ ಬಂದಳು ಆಕಿ:
'ನೂರಾ ಐವತ್ತು ಆಯ್ತವಾರ ನಕ್ಕೀನಂತ. ಪಗಾರ ಎಲ್ಲಿ?'
ಅಂದಾನೆಪ್ಪನ ಸೆರಗು ಜಾರಿ ಮೀಸಿ ಕಂಡಿತು.
ಇಮಾಮಸಾಬ ಮಾತ್ರ ಕ್ಯಾಮೆರಾ ಬಿಡಲಿಲ್ಲ:
'ರೇಟು ಹ್ಯಾಂಗ್ರಿ ಅಕ್ಕಾರ?'
'ಸಣ್ಣ ನಗಿ ನಾಕಾಣೆ.
ಹೊಟ್ಟಿ ಹಿಡಕೊಂಡು ನಕ್ಕರ ಎಂಟಾಣೆ.
ಕೆಮ್ಮು ಪುಕ್ಕಟೆ.'
ನನ್ನ ಬೆರಳು ಗುಂಡಿ ಮ್ಯಾಲ. ಒತ್ತಲಿಲ್ಲ.
ಕಿಡಕ್ಯಾಗಿಂದ ಕೇಳಾಕ ಹತ್ತಿತ್ತು,
ಓಣಿ ಓಣಿಯೊಳಗ ಮಂದಿ
ತಮ್ಮ ತಮ್ಮ ದನೀಲೆ ನಗೂದು.

ಕೇಬಲ್ ಪುಕ್ಕಟೆ ಕೊಡ್ತೀನಿ ಅಂದ ಮಾಮಾ.
ಟೀವಿನ ಇಲ್ಲ ನಮ್ಮನ್ಯಾಗ, ಅಂದಳು.
ತನ್ನ ನಗಿ ತಾ ಒಮ್ಮೆನೂ ಕೇಳಿದ್ದಿಲ್ಲ ಆಕಿ.
ಪ್ರಸಾರ ಮುಗದ ಮ್ಯಾಲ ಹಚ್ಚಿ ಕೇಳಿಸಿದೆ.
ಚಾದರದ ನವಿಲು ನೋಡಿಕೋತ ಕುಂತಳು,
'ಇದು ನಮ್ಮವ್ವನ ನಗಿ' ಅಂದಳು,
'ಇನ್ನೊಮ್ಮೆ ಹಚ್ಚೋ.'

ಆಮ್ಯಾಲ ಮಾಳಗಿ ಮ್ಯಾಲ ಡಿಶ್ ಬಂದವು,
ಆ ಅಟ್ಟದಾಗ ಈಗ ಉಳ್ಳಾಗಡ್ಡಿ ಚೀಲ ಅದಾವು.
ಕ್ಯಾಸೆಟ್ಟು ನನ್ನ ಕಡೆ ಐತಿ. ಹಚ್ಚೂ ಟೇಪು ಇಲ್ಲ.
ಆದರೂ ಬಸ್ಸಿನ್ಯಾಗ, ಮದವಿ ಪಂಕ್ತ್ಯಾಗ,
ಯಾರರ ಒಂದು ಛಲೋ ಮಾತು ಆಡಿದರ
ನನ್ನ ಹೆಬ್ಬಟ್ಟು ತಾನ ಬಗ್ಗತೈತಿ.